ಹಳೆ ಸಿನಿಮಾ, ಹೊಸ ಸಿನಿಮಾ: ಹಿನ್ನೆಲೆ ಸಂಗೀತ ಸ್ವಲ್ಪ ಹೊತ್ತು ಸುಮ್ನಿದ್ದರೆ ಏನಾಗುತ್ತೆ?

ಗಾಂಧಿ ಕ್ಲಾಸ್

ಹಳೆಯದೆಲ್ಲ ಚಿನ್ನ, ಈಗಿನದೆಲ್ಲ ಬರೀ ಗಲಾಟೆ ಅಂತ ಹೇಳೋಕೆ ಬಂದಿಲ್ಲ. ಆ ಜಗಳ ಕೇಳಿ ಕೇಳಿ ಸಾಕಾಗಿದೆ. ನನ್ನ ದೂರು ಒಂದೇ. ಈಗಿನ ನಮ್ಮ ಸಿನಿಮಾಗಳಲ್ಲಿ ರೀರೆಕಾರ್ಡಿಂಗ್, ಅಂದರೆ ಹಿನ್ನೆಲೆ ಸಂಗೀತ, ಬಾಯಿ ಮುಚ್ಚುವುದೇ ಇಲ್ಲ. ಅಮ್ಮ ಬಾಗಿಲು ತೆಗೆದರೆ ಪಿಟೀಲು. ಹೀರೋ ಚಪ್ಪಲಿ ಮೆಟ್ಟಿದರೆ ಡ್ರಮ್ಮು. ಯಾರಾದರೂ ಸತ್ತರೆ ಎಲ್ಲಿಂದಲೋ ಒಂದು ಹೆಣ್ಣು ದನಿ ಆಲಾಪ ಶುರು ಮಾಡುತ್ತೆ. ನನಗೆ ಅಳು ಬರುತ್ತೋ ಇಲ್ವೋ ಅಂತ ನೋಡಿಕೊಳ್ಳೋಕೂ ಪುರುಸೊತ್ತು ಕೊಡಲ್ಲ.

ಮೊನ್ನೆ 'ಘಟಶ್ರಾದ್ಧ' ಮತ್ತೆ ನೋಡಿದೆ. 1977ರ ಚಿತ್ರ. ಅನಂತಮೂರ್ತಿಯವರ ಕಥೆ, ಗಿರೀಶ್ ಕಾಸರವಳ್ಳಿ ಅವರ ಮೊದಲ ಸಿನಿಮಾ. ವಿಧವೆ ಯಮುನಾ ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಕೊನೆಯಲ್ಲಿ ತಲೆ ಬೋಳಿಸಿದ ಯಮುನಾ ಮರದ ಕೆಳಗೆ ಒಬ್ಬಳೇ ಕೂತಿರುತ್ತಾಳೆ. ಪುಟ್ಟ ಹುಡುಗ ನಾಣಿಯನ್ನು ಅವನ ಅಪ್ಪ ಕರೆದುಕೊಂಡು ಹೊರಟಿರುತ್ತಾನೆ. ಅವಳಿಗೂ ಅವನಿಗೂ ನಡುವೆ ಒಂದು ಮಾತಿಲ್ಲ. ಆ ಹುಡುಗನಿಗೆ ಎಷ್ಟು ಅರ್ಥವಾಯಿತೋ ನಮಗೂ ಅಷ್ಟೇ. ಉಳಿದದ್ದು ಹೊಟ್ಟೆಯೊಳಗೆ ಹಾಗೇ ಕೂತುಬಿಡುತ್ತೆ.

ಈ ಚಿತ್ರಕ್ಕೆ ಸಂಗೀತ ಬಿ.ವಿ. ಕಾರಂತರದ್ದು. ಅದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಅಂದರೆ ಸಂಗೀತ ಇಲ್ಲದ ಸಿನಿಮಾ ಅಲ್ಲ ಇದು. ಎಲ್ಲಿ ಕೈ ತೆಗೆಯಬೇಕು ಅಂತ ಗೊತ್ತಿದ್ದವರು ಮಾಡಿದ ಸಂಗೀತ.

ಅದಾದ ಮೇಲೆ ಈಚಿನ ಒಂದು ಚಿತ್ರ ನೋಡಿದೆ. ಹೆಸರು ಬೇಡ, ಪಾಪ. ಒಳ್ಳೇ ಕಥೆ, ಒಳ್ಳೇ ನಟರು. ಮಗಳು ಆಸ್ಪತ್ರೆಯ ಬೆಂಚಿನ ಮೇಲೆ ಅಪ್ಪನ ಚಪ್ಪಲಿ ಹಿಡಿದು ಕೂತಿದ್ದಾಳೆ. ಆ ಹುಡುಗಿ ಮುಖದಲ್ಲೇ ಎಲ್ಲ ಇತ್ತು. ಅಷ್ಟರಲ್ಲಿ ಪಿಯಾನೋ ಬಂತು. ಅದರ ಹಿಂದೆ ಕೊಳಲು. ಅದರ ಹಿಂದೆ ಕೋರಸ್. ಮುಖ ನೋಡೋದು ಬಿಟ್ಟು ಇನ್ನೇನು ಬರುತ್ತಪ್ಪಾ ಅಂತ ಕಾಯುತ್ತಾ ಕೂತೆ.

ಸುಮ್ಮನಿದ್ದೇ ಗೆದ್ದ ದೃಶ್ಯ ಅಂತ ನಿಮಗೆ ಯಾವುದು ನೆನಪಾಗುತ್ತೆ? ಹೊಸ ಸಿನಿಮಾದ್ದಾದರೆ ಇನ್ನೂ ಒಳ್ಳೆಯದು.

ಮಧ್ಯಂತರ

ಗುರು, ಹೋಲಿಕೆನೇ ಸರಿ ಇಲ್ಲ. ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂದ ಚಿತ್ರವನ್ನು ತಂದು ಶುಕ್ರವಾರದ ಮಾಸ್ ಸಿನಿಮಾ ಪಕ್ಕ ನಿಲ್ಲಿಸಿದರೆ ಯಾರು ಗೆಲ್ಲುತ್ತಾರೆ? ಹಳೆಯ ಕಮರ್ಷಿಯಲ್ ಚಿತ್ರಗಳನ್ನೇ ನೋಡಿ. ಅಲ್ಲೇನು ಮೌನ ಇತ್ತಾ?

'ಶರಪಂಜರ' ನನಗೂ ಇಷ್ಟ. 1971ರಲ್ಲಿ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡ ಹೆಣ್ಣನ್ನು ಮನೆಯವರೇ ಹೇಗೆ ನಡೆಸಿಕೊಳ್ಳುತ್ತಾರೆ ಅಂತ ಅಷ್ಟು ನೇರವಾಗಿ ತೋರಿಸಿದ್ದು ಸಣ್ಣ ಮಾತಲ್ಲ. ಆದರೆ ಕಲ್ಪನಾ ಅಲ್ಲಿ ಪಿಸುಗುಡುತ್ತಾರಾ? ನಿರ್ದೇಶಕ ಪುಟ್ಟಣ್ಣನವರ ಕ್ಯಾಮೆರಾ ಸುಮ್ನಿರುತ್ತಾ? ಜೂಮ್ ಹೋಗುತ್ತೆ, ಜೂಮ್ ಬರುತ್ತೆ, ಪಿಟೀಲು ಕಿರುಚುತ್ತೆ. ನೀವು ಈಗಿನವರ ಮೇಲೆ ಹೊರಿಸಿದ ದೂರು ಪೂರ್ತಿ ಅಲ್ಲಿಗೂ ಅನ್ವಯಿಸುತ್ತೆ. ಐವತ್ತು ವರ್ಷ ಆಗಿದ್ದಕ್ಕೆ ಅದು 'ಕ್ಲಾಸಿಕ್'. ಈಗ ಯಾರಾದರೂ ಹಾಗೇ ತೆಗೆದರೆ ಸೀರಿಯಲ್ ಥರ ಇದೆ ಅಂತ ನೀವೇ ಬೈತೀರಿ.

ಗಾಂಧಿ ಕ್ಲಾಸ್

ಜೂಮ್ ವಿಷಯ ಒಪ್ಪಿದೆ. ಪುಟ್ಟಣ್ಣನವರ ಅಭಿಮಾನಿಗಳೂ ಅದನ್ನು ಒಪ್ಪುತ್ತಾರೆ, ಮೆಲ್ಲಗೆ.

ಆದರೆ ಕಲ್ಪನಾ ವಿಷಯ ಒಪ್ಪಲ್ಲ. ಅವರ ಪಾತ್ರ ಕಾವೇರಿ ಕಿರುಚುವುದಕ್ಕೆ ಮುಂಚೆ ಎಷ್ಟು ಹೊತ್ತು ಸುಮ್ಮನೆ ಸಹಿಸಿಕೊಳ್ಳುತ್ತಾಳೆ ನೋಡಿ. ಆಸ್ಪತ್ರೆಯಿಂದ ವಾಪಸ್ ಬಂದವಳನ್ನು ಒಬ್ಬೊಬ್ಬರೂ ಓರೆಗಣ್ಣಲ್ಲಿ ನೋಡುತ್ತಾರೆ. ಅವಳು ನಗುತ್ತಾ ಓಡಾಡುತ್ತಾಳೆ. ಅದೆಲ್ಲ ಒಳಗೆ ತುಂಬಿಕೊಂಡಿದ್ದಕ್ಕೇ ಆಮೇಲಿನ ಕಿರುಚಾಟ ಕಿವಿಗೆ ಚುಚ್ಚುತ್ತೆ. ಜೋರಾಗಿರಬಾರದು ಅಂತ ನಾನು ಹೇಳಿದ್ದಲ್ಲ. ಮೊದಲ ಸೀನಿಂದಲೇ ಜೋರಾದರೆ ಕೊನೆಗೆ ಏನು ಮಾಡುತ್ತೀರಿ ಅಂತ ಕೇಳ್ತಿದ್ದೀನಿ.

ಟೂರಿಂಗ್ ಟಾಕೀಸ್

ಮಕ್ಕಳಾ, ನಿಮ್ಮ ಜಗಳದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ನಮ್ಮ ಕಾಲದಲ್ಲಿ ಸಿನಿಮಾ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ ಇತ್ತು.

ಊರಾಚೆ ಟೆಂಟ್ ಹಾಕಿರುತ್ತಿದ್ದರು. ಸ್ಪೀಕರಿನಲ್ಲಿ 'ನಮೋ ವೆಂಕಟೇಶ' ಬಂತು ಅಂದರೆ ಆಟ ಶುರುವಾಗುವ ಹೊತ್ತು. ಟಿಕೆಟಿಗೆ ಕಾಸಿಲ್ಲದವರು ಮನೆ ಜಗಲಿ ಮೇಲೆ ಕೂತು ಪೂರ್ತಿ ಚಿತ್ರ ಕೇಳುತ್ತಿದ್ದರು. ಗಾಳಿ ಈ ಕಡೆ ಬೀಸಿದರೆ ಮಾತು ಸ್ಪಷ್ಟ, ಆ ಕಡೆ ಬೀಸಿದರೆ ಬರೀ ಗುಂಯ್. ಮುಂದೆ ಕ್ಯಾಸೆಟ್ ಬಂದ ಮೇಲೆ 'ಬಬ್ರುವಾಹನ'ದ ಸಂಭಾಷಣೆ ಮದುವೆ ಮನೆಗಳಲ್ಲಿ, ಗಣಪತಿ ಪೆಂಡಾಲಿನಲ್ಲಿ ಹಾಕುತ್ತಿದ್ದರು. ಚಿತ್ರ ನೋಡದವರಿಗೂ ಅರ್ಜುನ-ಬಬ್ರುವಾಹನರ ವಾಗ್ವಾದ ಬಾಯಿಪಾಠ.

ರಾಜ್‌ಕುಮಾರ್ ಆಗಲಿ, ನರಸಿಂಹರಾಜು, ಬಾಲಕೃಷ್ಣ ಆಗಲಿ, ಕಂಪನಿ ನಾಟಕದಲ್ಲಿ ಪಳಗಿದವರು. ಮೈಕಿಲ್ಲದೆ ಕೊನೇ ಸಾಲಿಗೂ ಮಾತು ಮುಟ್ಟಿಸುವ ಅಭ್ಯಾಸ. ಹಾಗಾಗಿ ಹಳೆಯವರು ಮೌನದಲ್ಲಿ ಮಾತಾಡಿದರು ಅಂತೆಲ್ಲ ಹೇಳಬೇಡಿ. ಅವರು ಮಾತಿನಲ್ಲೇ ಮಾತಾಡಿದರು. ಆದರೆ ಒಬ್ಬ ಮಾತಾಡುವಾಗ ಇನ್ನೊಂದು ಅಡ್ಡ ಬರುತ್ತಿರಲಿಲ್ಲ. ಸಂಭಾಷಣೆ ಮುಗಿಯಿತು, ಆಮೇಲೆ ವಾದ್ಯ. ಈಗ ಎರಡೂ ಒಟ್ಟಿಗೆ ಬಂದು ಯಾವುದೂ ಕೇಳಿಸುವುದಿಲ್ಲ.

ಸದ್ದಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. 'ಭೂತಯ್ಯನ ಮಗ ಅಯ್ಯು' ಚಿತ್ರದಲ್ಲಿ ಲೋಕನಾಥ್ ಉಪ್ಪಿನಕಾಯಿ ತಿನ್ನುವ ದೃಶ್ಯ ಜ್ಞಾಪಕ ಇದೆಯಾ? ಜನ ಇವತ್ತಿಗೂ ಅದನ್ನೇ ಹೇಳುತ್ತಾರೆ. ಪ್ರವಾಹ, ಹಗೆ, ಕೋರ್ಟು, ಕಚೇರಿ ಎಲ್ಲ ಇರುವ ಚಿತ್ರದಲ್ಲಿ ಒಬ್ಬ ಮನುಷ್ಯ ಉಪ್ಪಿನಕಾಯಿ ಚಪ್ಪರಿಸಿದ್ದು ನೆನಪಿನಲ್ಲಿ ಉಳಿಯಿತು. ನಿರ್ದೇಶಕ ಸಿದ್ದಲಿಂಗಯ್ಯನವರು ಅವನಿಗೆ ಅಷ್ಟು ಹೊತ್ತು ಬಿಟ್ಟುಕೊಟ್ಟರು. ಈಗಿನ ಎಡಿಟರ್ ಕೈಗೆ ಸಿಕ್ಕಿದರೆ ಎರಡು ಸೆಕೆಂಡಿಗೆ ಕಟ್.

ಇನ್ನು 'ಚೋಮನ ದುಡಿ'. ಅದರ ನಿರ್ದೇಶನ ಬಿ.ವಿ. ಕಾರಂತರದೇ, 1975. ಚೋಮ ಬಾಗಿಲು ಹಾಕಿಕೊಂಡು ದುಡಿ ಬಡಿಯುತ್ತಾನೆ. ಬಡಿಯುತ್ತಲೇ ಇರುತ್ತಾನೆ. ಹಿಂದೆ ಯಾವ ವಾದ್ಯ ಬೇಕು ಅದಕ್ಕೆ? ಚೋಮನ ಪಾತ್ರ ಮಾಡಿದ ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ನಮ್ಮೂರಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ.

ಕಡಲತಡಿ

ಹಿರಿಯರು ಹೇಳಿದ ಜಗಲಿ ಕಥೆ ಓದಿ ಖುಷಿ ಆಯ್ತು. ನಾನು ಹೊಸ ಸಿನಿಮಾಗಳ ಪರ ಸ್ವಲ್ಪ ಮಾತಾಡ್ತೀನಿ, ಯಾಕೆಂದರೆ ಗಾಂಧಿ ಕ್ಲಾಸ್ ಅವರು ಕೇಳಿದ್ದು ಅದನ್ನೇ.

'ಉಳಿದವರು ಕಂಡಂತೆ' 2014ರಲ್ಲಿ ಬಂದಾಗ ನಮ್ಮ ಕರಾವಳಿಯ ಎಷ್ಟೋ ಜನಕ್ಕೆ ಅದು ಹಿಡಿಸಿದ್ದೇ ಆ ದನಿಗಳಿಂದ. ಮಲ್ಪೆ ಬಂದರು, ಮೀನುಗಾರರ ಮಾತು, ಹುಲಿವೇಷದ ತಾಸೆ ವಾದ್ಯ. ನಾವು ದಿನಾ ಕೇಳುವ ಸದ್ದನ್ನು ಅಲ್ಲಿಯವರೆಗೆ ಯಾರೂ ಪರದೆ ಮೇಲೆ ಹೀಗೆ ಕೇಳಿಸಿರಲಿಲ್ಲ. ಆಗ ಚಿತ್ರ ದೊಡ್ಡದಾಗಿ ಓಡಲಿಲ್ಲ. ಆಮೇಲೆ ಮನೆಯಲ್ಲಿ ಮತ್ತೆ ಮತ್ತೆ ನೋಡಿದವರೇ ಅದನ್ನು ಎತ್ತಿಕೊಂಡು ಮೆರೆಸಿದರು.

'ಕಾಂತಾರ'ದ ಬಗ್ಗೆ ನನ್ನದು ಎರಡು ಮನಸ್ಸು. ಲೀಲಾಳನ್ನು ಶಿವ ಚಿವುಟುವ ತಮಾಷೆ ನನಗೆ ಆಗಲೂ ಸೇರಲಿಲ್ಲ, ಈಗಲೂ ಸೇರಲ್ಲ. ಆದರೆ ಕೊನೆಯಲ್ಲಿ ದೈವ ಅರಣ್ಯ ಅಧಿಕಾರಿಯ ಕೈ, ಊರವರ ಕೈ ಎರಡನ್ನೂ ಸೇರಿಸಿ ಎದೆಗೆ ಒತ್ತಿಕೊಳ್ಳುವ ಕಡೆ ಒಂದೇ ಒಂದು ಮಾತಿಲ್ಲ. ಅಲ್ಲಿ ಯಾರಾದರೂ ಒಂದು ಡೈಲಾಗ್ ಹೇಳಿದ್ದರೆ ಎಲ್ಲ ಹಾಳಾಗುತ್ತಿತ್ತು. ರಿಷಬ್ ಅವರಿಗೆ ಬಂದ ರಾಷ್ಟ್ರಪ್ರಶಸ್ತಿ ಆ ಕೆಲವು ನಿಮಿಷಕ್ಕೇ ಅಂತ ನಾನು ಅಂದುಕೊಂಡಿದ್ದೀನಿ.

'ಸು ಫ್ರಮ್ ಸೋ' ಬಗ್ಗೆ ಯಾರೂ ಇನ್ನೂ ಮಾತಾಡಿಲ್ಲ ಯಾಕೆ? 2025ರ ಜುಲೈನಲ್ಲಿ ಸ್ಟಾರ್ ಇಲ್ಲದೆ, ದೊಡ್ಡ ಪ್ರಚಾರ ಇಲ್ಲದೆ ಬಂದು ಥಿಯೇಟರ್ ತುಂಬಿಸಿತಲ್ಲ! ಜೆ.ಪಿ. ತುಮಿನಾಡ್ ನಿರ್ದೇಶನ. ಅಲ್ಲಿ ನಗು ಬರುವುದು ಜನ ಮಾತಾಡಿಕೊಳ್ಳುವ ರೀತಿಗೆ. ಒಬ್ಬ ಏನೋ ಹೇಳುತ್ತಾನೆ, ಇನ್ನೊಬ್ಬ ಅರೆಗಳಿಗೆ ಸುಮ್ಮನಿರುತ್ತಾನೆ, ಆಮೇಲೆ ಉತ್ತರ. ಆ ಅರೆಗಳಿಗೆಯಲ್ಲೇ ನಗು ಇರೋದು. ಅದನ್ನು 'ಟೊಂಯ್' ಅಂತ ತುಂಬಿಸಿದ್ದರೆ ಮುಗೀತಿತ್ತು ಕಥೆ.

ಗಾಂಧಿ ಕ್ಲಾಸ್

ಕಡಲತಡಿ ಅವರೇ, ಆ 'ಟೊಂಯ್'ಗೆ ಒಂದು ಕಾನೂನು ಬರಬೇಕು.

ಹೊಸದರಲ್ಲಿ ನನ್ನ ಆಯ್ಕೆ 'ತಿಥಿ'. ಲೊಕಾರ್ನೊ ಚಿತ್ರೋತ್ಸವದಲ್ಲಿ 2015ರಲ್ಲಿ ಪ್ರಶಸ್ತಿ ಗೆದ್ದು, ಮುಂದಿನ ವರ್ಷ ನಮ್ಮಲ್ಲಿ ಬಿಡುಗಡೆ ಆಯ್ತು. ರಾಮ್ ರೆಡ್ಡಿ ನಿರ್ದೇಶನ, ಬರೆದವರು ಈರೇಗೌಡ. ಮಂಡ್ಯ ಕಡೆಯ ಹಳ್ಳಿ ಜನರೇ ನಟರು. ಆ ಚಿತ್ರದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಬಹಳ ಜನಕ್ಕೆ ಅದು ಗಮನಕ್ಕೇ ಬಂದಿಲ್ಲ ಅನ್ನೋದು ನನ್ನ ವಾದಕ್ಕೆ ದೊಡ್ಡ ಸಾಕ್ಷಿ.

ಶುರುವಿನಲ್ಲಿ ಸೆಂಚುರಿ ಗೌಡ ಬೀದಿ ಬದಿ ಕೂತು ಹೋಗಿಬರೋರಿಗೆಲ್ಲ ಬೈತಾ ಇರುತ್ತಾನೆ. ಆಮೇಲೆ ಎದ್ದು ಹೋಗಿ ಸತ್ತುಬೀಳುತ್ತಾನೆ. ಅಷ್ಟೇ. ಸಾವು ಅಂತ ಯಾವ ವಾದ್ಯವೂ ಘೋಷಣೆ ಮಾಡಲ್ಲ. ಪಕ್ಕದಲ್ಲಿ ಊರು ಎಂದಿನಂತೆ ನಡೀತಾ ಇರುತ್ತೆ. ಇನ್ನೊಂದು, ಅವನ ಮಗ ಗಡ್ಡಪ್ಪ ರಾತ್ರಿ ಬೆಂಕಿ ಮುಂದೆ ಕೂತು ಕುರಿ ಕಾಯುವವರಿಗೆ ತನ್ನ ಕಥೆ ಹೇಳುವುದು. ಆ ಮನುಷ್ಯ ಸಿನಿಮಾ ಪೂರ್ತಿ ನಡೀತಾ ಇರುತ್ತಾನೆ, ಬೀಡಿ ಸೇದುತ್ತಾನೆ, ಯಾವುದಕ್ಕೂ ತಲೆ ಕೆಡಿಸಿಕೊಳ್ಳಲ್ಲ. ಯಾಕೆ ಹೀಗೆ ಅಂತ ನಾವು ನಗ್ತಾ ಇರ್ತೀವಿ. ಆ ರಾತ್ರಿ ಕಾರಣ ಹೇಳುತ್ತಾನೆ. ದನಿ ಏರಲ್ಲ, ಇಳಿಯಲ್ಲ. ಪಕ್ಕದ ಹೊಲದ ದರ ಹೇಳುವ ಹಾಗೆ ಹೇಳುತ್ತಾನೆ. ಎಂಥ ದೊಡ್ಡ ನಟನಿಗೆ ಕೊಟ್ಟಿದ್ದರೂ ಅಲ್ಲಿ ಒಂದು ಹನಿ ಕಣ್ಣೀರು ಬರ್ತಿತ್ತು ಅನಿಸುತ್ತೆ. ಬಂದಿದ್ದರೆ ಆ ಸೀನ್ ಸಾಯ್ತಿತ್ತು.

ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು 'ಕೆಜಿಎಫ್'. ಅದನ್ನು ನಾನು ಬೈಯಲ್ಲ, ಆಶ್ಚರ್ಯಪಡಬೇಡಿ. ಅಲ್ಲಿ ಸದ್ದೇ ಕಥೆ. ಒಬ್ಬ ಮನುಷ್ಯನ ಬಗ್ಗೆ ಜನ ಕಟ್ಟಿಕೊಂಡ ದಂತಕಥೆಯನ್ನು ಇನ್ನೊಬ್ಬ ಕೂತು ಹೇಳ್ತಾ ಇದ್ದಾನೆ. ದಂತಕಥೆ ಪಿಸುಮಾತಲ್ಲಿ ನಡೆಯಲ್ಲ. ಕಟ್ ಮಾಡಿ ಪರದೆ ಕಪ್ಪಾಗಿಸುವ ಆ ರೀತಿಯಲ್ಲೂ ಒಂದು ಲಯ ಇದೆ. ನನ್ನ ಸಿಟ್ಟು ಅದನ್ನು ನೋಡಿ ಕಲಿತವರ ಮೇಲೆ. ಗಣಿ ಇಲ್ಲ, ದಂತಕಥೆ ಇಲ್ಲ, ಹೀರೋ ಬಾಡಿಗೆ ಮನೆ ಹುಡುಕ್ತಾ ಇದ್ದಾನೆ. ಅವನು ಗೇಟು ತಳ್ಳಿದರೂ ಅದೇ ಕೋರಸ್!

ಮಿಕ್ಸಿಂಗ್ ರೂಮ್

ನಾನು ಸೌಂಡ್ ಕೆಲಸದವನು. ಇಷ್ಟು ಹೊತ್ತು ಸುಮ್ನೆ ಓದ್ತಾ ಇದ್ದೆ. ಕೆಲವು ಒಳಗಿನ ವಿಷಯ ಹೇಳ್ತೀನಿ, ಬೈಯುವ ಮೊದಲು ಗೊತ್ತಿರಲಿ.

ಮೌನಕ್ಕೆ ಖರ್ಚು ಜಾಸ್ತಿ. ಹೌದು, ಸಂಗೀತಕ್ಕಿಂತ ಜಾಸ್ತಿ ಆಗಬಹುದು. ನಮ್ಮಲ್ಲಿ ಹೆಚ್ಚಿನ ಚಿತ್ರಗಳು ಇವತ್ತಿಗೂ ಡಬ್ಬಿಂಗ್‌ನಲ್ಲೇ ಆಗೋದು. ಶೂಟಿಂಗ್‌ನಲ್ಲಿ ಹಿಡಿದದ್ದು ಪೈಲಟ್ ಟ್ರ್ಯಾಕ್, ಅಂದರೆ ಮಾತು ಯಾವುದು ಅಂತ ನೋಡಿಕೊಳ್ಳೋಕೆ ಮಾತ್ರ. ನಟರು ಸ್ಟುಡಿಯೋದಲ್ಲಿ ಮತ್ತೆ ಮಾತಾಡುತ್ತಾರೆ. ಆ ದನಿಯ ಸುತ್ತ ಏನೂ ಇರಲ್ಲ. ಕೋಣೆ ಇಲ್ಲ, ಫ್ಯಾನ್ ಇಲ್ಲ, ಬಟ್ಟೆ ಸರಿದ ಸದ್ದಿಲ್ಲ, ಹೊರಗಿನ ಕಾಗೆ ಇಲ್ಲ. ಪ್ರತಿಯೊಂದನ್ನೂ ಆಮೇಲೆ ಮಾಡಿ ಸೇರಿಸಬೇಕು. ಹೆಜ್ಜೆ ಸದ್ದಿಗೆ ಒಬ್ಬ ಫೋಲಿ ಕಲಾವಿದ ಪರದೆ ನೋಡುತ್ತಾ ನಡೆಯಬೇಕು. ಅದಕ್ಕೆ ದಿನಗಟ್ಟಲೆ ಬೇಕು. ಬಿಡುಗಡೆ ದಿನ ಮೊದಲೇ ಗೊತ್ತಾಗಿರುತ್ತೆ, ಎಡಿಟಿಂಗ್ ಕೊನೇ ವಾರದವರೆಗೂ ನಡೀತಾ ಇರುತ್ತೆ. ಆಗ ಆ ಖಾಲಿ ಜಾಗಕ್ಕೆ ಏನು ಹಾಕ್ತಾರೆ? ಸಂಗೀತ. ಅದು ಎಲ್ಲ ತೂತನ್ನೂ ಮುಚ್ಚುತ್ತೆ.

'ತಿಥಿ'ಗೆ ಸಂಗೀತ ಬೇಡವಾಗಿದ್ದು ನಿರ್ದೇಶಕರ ಧೈರ್ಯದಿಂದ ಮಾತ್ರ ಅಲ್ಲ. ಸ್ಥಳದಲ್ಲೇ ಹಿಡಿದ ದನಿ ಅದು. ಆ ಊರಿನ ಗಾಳಿ, ಕುರಿ, ಗಾಡಿ ಎಲ್ಲ ಮಾತಿನ ಜೊತೆಗೇ ಬಂದಿದೆ. ಅಲ್ಲಿ ಸುಮ್ಮನಿದ್ದರೂ ಏನೋ ಕೇಳುತ್ತಿರುತ್ತೆ. ಡಬ್ಬಿಂಗ್ ಚಿತ್ರದಲ್ಲಿ ಸುಮ್ಮನಾದರೆ ಸ್ಪೀಕರ್ ಕೆಟ್ಟುಹೋದ ಹಾಗೆ ಕೇಳುತ್ತೆ.

ಇನ್ನೊಂದು, ಟೆಂಪ್ ಮ್ಯೂಸಿಕ್. ಎಡಿಟ್ ಮಾಡುವಾಗ ಬೇರೆ ಯಾವುದೋ ಚಿತ್ರದ ಸಂಗೀತ ಹಾಕಿ ಕಟ್ ಮಾಡುತ್ತಾರೆ. ತಿಂಗಳುಗಟ್ಟಲೆ ಅದನ್ನೇ ಕೇಳಿ ನಿರ್ದೇಶಕರಿಗೆ ಅದೇ ರೂಢಿ ಆಗುತ್ತೆ. ಕೊನೆಗೆ ಸಂಗೀತ ನಿರ್ದೇಶಕರಿಗೆ 'ಇದೇ ಥರ ಕೊಡಿ' ಅಂತಾರೆ. ಎಲ್ಲ ಚಿತ್ರದ ರೀರೆಕಾರ್ಡಿಂಗ್ ಒಂದೇ ಥರ ಕೇಳೋದಕ್ಕೆ ಅರ್ಧ ಕಾರಣ ಇದು.

ಇಷ್ಟು ಜೋರು ಯಾಕೆ ಅಂತಲೂ ಹೇಳ್ತೀನಿ. ಥಿಯೇಟರಿನ ಸೌಂಡ್ ಪ್ರೊಸೆಸರ್‌ನಲ್ಲಿ ಸದ್ದು ಏರಿಸಿ ಇಳಿಸುವ ಫೇಡರ್ 7ರಲ್ಲಿ ಇಟ್ಟರೆ ನಾವು ಮಿಕ್ಸ್ ಮಾಡಿದ ಮಟ್ಟಕ್ಕೇ ಕೇಳಬೇಕು. ಜನ ಜೋರಾಯ್ತು ಅಂತ ದೂರು ಕೊಡುತ್ತಾರೆ, ಆಪರೇಟರ್ 5ಕ್ಕೆ ಇಳಿಸುತ್ತಾರೆ. ಆಗ ಮಾತು ಕೇಳಿಸಲ್ಲ. ಮುಂದಿನ ಚಿತ್ರಕ್ಕೆ ನಿರ್ಮಾಪಕರು 'ಇನ್ನೂ ಏರಿಸಿ' ಅಂತಾರೆ. ಜನ ಮತ್ತೆ ದೂರುತ್ತಾರೆ, ಆಪರೇಟರ್ ಮತ್ತೆ ಇಳಿಸುತ್ತಾರೆ. ಹೀಗೇ ನಡೀತಾ ಇದೆ.

ಮನೆಯಲ್ಲಿ ನೋಡುವವರಿಗೆ: 5.1 ಮಿಕ್ಸ್‌ನಲ್ಲಿ (ಐದು ಸ್ಪೀಕರ್, ಒಂದು ಸಬ್‌ವೂಫರ್) ಮಾತು ಹೆಚ್ಚಾಗಿ ನಡುವಿನ ಸ್ಪೀಕರಿಗೆ ಹೋಗುತ್ತೆ. ನಿಮ್ಮ ಟಿವಿಗೆ ಇರೋದು ಎರಡೇ ಸ್ಪೀಕರ್. ಎಲ್ಲವನ್ನೂ ಹಿಂಡಿ ಎರಡಕ್ಕೆ ತುಂಬಿದಾಗ ಮಾತು ಅಡಿಗೆ ಬೀಳುತ್ತೆ. ಆಡಿಯೋ ಆಯ್ಕೆಯಲ್ಲಿ ಸ್ಟೀರಿಯೋ ಇದ್ದರೆ ಅದನ್ನೇ ಹಾಕಿಕೊಳ್ಳಿ. ಎಷ್ಟೋ ವಾಸಿ.

ಮಧ್ಯಂತರ

ಇದು ಮಾತು! 'ತೂತು ಮುಚ್ಚೋ ಸಂಗೀತ' ಅಂತ ಗೊತ್ತಾದ ಮೇಲೆ ಇನ್ನು ಮೇಲೆ ನನಗೂ ಅದೇ ಕೇಳಿಸುತ್ತೆ. ಹಾಳು ಮಾಡಿದ್ರಿ ಸರ್ ನೀವು.

ಒಂದು ಡೌಟ್. ಹಳೆಯ ಚಿತ್ರಗಳೂ ಡಬ್ಬಿಂಗೇ ಅಲ್ವಾ? ಮತ್ತೆ ಅವರಿಗೆ ಹೇಗೆ ಸಾಧ್ಯವಾಯ್ತು?

ಮಿಕ್ಸಿಂಗ್ ರೂಮ್

ಅವರದ್ದು ಮಾನೋ. ಎಲ್ಲ ಒಂದೇ ಟ್ರ್ಯಾಕ್, ಮೇಲೆ ಸಣ್ಣಗೆ ಒಂದು ಸುಯ್ ಅನ್ನೋ ಸದ್ದು ಯಾವಾಗಲೂ ಇರುತ್ತಿತ್ತು. ಆ ಸುಯ್ ಖಾಲಿತನವನ್ನು ಮುಚ್ಚುತ್ತಿತ್ತು. ಆಮೇಲೆ ಹಿರಿಯರು ಹೇಳಿದ ಹಾಗೆ, ಒಂದೇ ಟ್ರ್ಯಾಕ್‌ನಲ್ಲಿ ಎರಡನ್ನೂ ತುರುಕಿದರೆ ಎರಡೂ ಕೆಡುತ್ತಿತ್ತು. ಅದಕ್ಕೇ ಸರದಿ ಪ್ರಕಾರ ಹಾಕುತ್ತಿದ್ದರು. ಈಗ ಟ್ರ್ಯಾಕಿಗೆ ಲೆಕ್ಕವೇ ಇಲ್ಲ.

ರೀಲ್ ಡಬ್ಬ

ಆ ಸುಯ್ ವಿಷಯಕ್ಕೆ ಬರ್ತೀನಿ, ಯಾಕೆಂದರೆ ನನ್ನ ಹೊಟ್ಟೆ ಉರಿ ಅಲ್ಲೇ ಇರೋದು. ಹಳೆಯ ಚಿತ್ರಗಳ ಬಗ್ಗೆ ಇಷ್ಟೆಲ್ಲ ಮಾತಾಡ್ತೀವಿ. ನಾವು ನೋಡ್ತಾ ಇರೋದು ಆ ಚಿತ್ರಗಳನ್ನೇನಾ?

ಆನ್‌ಲೈನ್‌ನಲ್ಲಿ ಸಿಗುವ ಪ್ರಿಂಟ್ ನೋಡಿ. ಚೌಕದ ಚಿತ್ರವನ್ನು ಅಗಲಕ್ಕೆ ಎಳೆದು ಎಲ್ಲರ ಮುಖವೂ ಚಪ್ಪಟೆ. ಮೂಲೆಯಲ್ಲಿ ಚಾನೆಲ್ ಲಾಂಛನ. ನಡುವೆ ಹಾಡೇ ಮಾಯ. ಸೌಂಡ್ 'ಕ್ಲೀನ್' ಮಾಡೋಕೆ ಹೋಗಿ ಸುಯ್ ಜೊತೆಗೆ ಹಕ್ಕಿ, ಮಳೆ, ಉಸಿರು ಎಲ್ಲ ಹೋಗಿರುತ್ತೆ. ಇದನ್ನು ನೋಡಿ 'ಹಳೆ ಸಿನಿಮಾ ಬೋರು' ಅಂತ ಹುಡುಗರು ಹೇಳಿದರೆ ಅವರದ್ದೇನು ತಪ್ಪು?

ಬಣ್ಣ ಬಳಿಯುವುದು ಬೇರೆ. 1965ರ 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ ಬಣ್ಣ ಬಂತು. 1971ರ 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ. ಜನ ಮುಗಿಬಿದ್ದು ನೋಡಿದರು, ಅದು ಸಂತೋಷವೇ. ರಾಜ್‌ಕುಮಾರ್ ಅವರನ್ನು ದೊಡ್ಡ ಪರದೆಯಲ್ಲಿ ನೋಡದ ಒಂದು ತಲೆಮಾರು ನೋಡಿತು. ಆದರೂ 'ಕಸ್ತೂರಿ ನಿವಾಸ' ಕಪ್ಪು-ಬಿಳುಪಿಗೇ ಹುಟ್ಟಿದ ಚಿತ್ರ. ಸಿರಿವಂತ ಒಂದೊಂದನ್ನೇ ಕೊಡುತ್ತಾ ಖಾಲಿಯಾಗುತ್ತಾನೆ. ಮನೆಯೊಳಗಿನ ಬೆಳಕು ಕಡಿಮೆಯಾಗುತ್ತಾ ಹೋಗುವುದೇ ಅವನ ಕಥೆ. ಅಲ್ಲಿ ಗೋಡೆಗೆ ಗುಲಾಬಿ ಬಣ್ಣ, ಕೋಟಿಗೆ ನೀಲಿ ಬಣ್ಣ ಯಾಕಪ್ಪಾ ಬೇಕು?

ಸರಿಯಾದ ಕೆಲಸ ಅಂದರೆ ಇದೇ 'ಘಟಶ್ರಾದ್ಧ'ಕ್ಕೆ ಆಗಿದ್ದು. ಫಿಲ್ಮ್ ಹೆರಿಟೇಜ್ ಫೌಂಡೇಷನ್, ಹಾಲಿವುಡ್ ನಿರ್ದೇಶಕ ಸ್ಕಾರ್ಸೆಸೆ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ 4ಕೆಯಲ್ಲಿ ಸರಿಪಡಿಸಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಬಣ್ಣ ಬಳಿಯಲಿಲ್ಲ. ಛಾಯಾಗ್ರಾಹಕ ಎಸ್. ರಾಮಚಂದ್ರ ಹಿಡಿದ ಕಪ್ಪು-ಬಿಳುಪನ್ನು ಹಾಗೇ ಉಳಿಸಿದರು.

ಎಲ್ಲಕ್ಕೂ ಅಷ್ಟು ಅದೃಷ್ಟ ಇಲ್ಲ. ನಮ್ಮ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ', 1934. ಅದರ ಪ್ರಿಂಟೇ ಉಳಿದಿಲ್ಲ. ಅದರಲ್ಲಿ ಸಂಗೀತ ಜಾಸ್ತಿ ಇತ್ತೋ ಕಡಿಮೆ ಇತ್ತೋ ಅಂತ ಜಗಳ ಆಡೋಕೂ ನಮಗೆ ಅವಕಾಶ ಇಲ್ಲ.

ಟೂರಿಂಗ್ ಟಾಕೀಸ್

ರೀಲ್ ಡಬ್ಬ ಅವರೇ, ಬಣ್ಣದ ವಿಷಯಕ್ಕೆ ನನ್ನ ಅರ್ಧ ಒಪ್ಪಿಗೆ ಮಾತ್ರ. ನನ್ನ ಮೊಮ್ಮಕ್ಕಳು ಕಪ್ಪು-ಬಿಳುಪು ಅಂದರೆ ಎದ್ದು ಹೋಗುತ್ತಾರೆ. ಬಣ್ಣದ 'ಕಸ್ತೂರಿ ನಿವಾಸ' ಹಾಕಿದೆ, ಕೂತು ನೋಡಿದರು. ಕೊನೆಗೆ ಆ ಪಾರಿವಾಳದ ದೃಶ್ಯ ಬಂತು. ಮನೆಗೆ ಬಂದವಳಿಗೆ ಬಡಿಸಲು ಏನೂ ಇಲ್ಲ ಅಂತ ಪಾರಿವಾಳವನ್ನೇ ಅಡುಗೆಗೆ ಕೊಟ್ಟಿದ್ದಾನೆ. ಅವಳು ಬಂದಿರುವುದೇ ಆ ಪಾರಿವಾಳ ಕೇಳೋಕೆ. ಚಿಕ್ಕವಳು ನನ್ನ ಮುಖ ನೋಡಿ 'ಅಜ್ಜ, ಅವಳಿಗೆ ಹೇಳಬೇಡಿ ಅಂತ ಹೇಳಿ' ಅಂದಳು. ಗೋಡೆ ಬಣ್ಣ ಯಾವುದಾಗಿತ್ತು ಅಂತ ಅವಳಿಗೆ ಗೊತ್ತೇ ಇಲ್ಲ.

ರೀಲ್ ಡಬ್ಬ

ಮೊಮ್ಮಗಳ ಮಾತಿಗೆ ನಾನು ಏನು ಹೇಳಲಿ ಸರ್. ಆದರೆ ಎರಡೂ ಸಿಗಲಿ ಅಂತಷ್ಟೇ ನನ್ನ ಬೇಡಿಕೆ. ಬಣ್ಣದ್ದು ಇರಲಿ, ಪಕ್ಕದಲ್ಲಿ ಒಳ್ಳೆಯ ಕಪ್ಪು-ಬಿಳುಪು ಪ್ರಿಂಟೂ ಇರಲಿ.

ಗಾಂಧಿ ಕ್ಲಾಸ್

ಮೌನ ಅಂತ ಶುರು ಮಾಡಿ 'ಪುಷ್ಪಕ ವಿಮಾನ'ದ ಹೆಸರು ಎತ್ತದಿದ್ದರೆ ತಪ್ಪಾಗುತ್ತೆ. 1987. ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನ, ನಮ್ಮ ಶೃಂಗಾರ್ ನಾಗರಾಜ್ ನಿರ್ಮಾಣ, ಬೆಂಗಳೂರಿನಲ್ಲೇ ತೆಗೆದದ್ದು. ಪೂರ್ತಿ ಚಿತ್ರದಲ್ಲಿ ಸಂಭಾಷಣೆ ಇಲ್ಲ. ಮೂಕಿ ಚಿತ್ರ ಅಂತ ಕೆಲವರು ಹೇಳುತ್ತಾರೆ. ಅದು ಮೂಕಿ ಅಲ್ಲವೇ ಅಲ್ಲ. ಸದ್ದು ತುಂಬಿ ತುಳುಕುವ ಚಿತ್ರ, ಮಾತು ಮಾತ್ರ ಇಲ್ಲ.

ಅದರಲ್ಲಿ ನನಗೆ ಬಹಳ ಇಷ್ಟವಾದ ತಮಾಷೆ ಒಂದಿದೆ. ಕಮಲ್ ಹಾಸನ್ ಬಡ ನಿರುದ್ಯೋಗಿ. ಗಲಾಟೆಯ ವಠಾರದ ಕೋಣೆಯಲ್ಲಿ ಇರ್ತಾನೆ, ಪಕ್ಕದ ಚಿತ್ರಮಂದಿರದ ಹೊಡೆದಾಟದ ಸದ್ದೆಲ್ಲ ಕೋಣೆಗೇ ಬರುತ್ತೆ. ಅಲ್ಲಿಂದ ಪಂಚತಾರಾ ಹೋಟೆಲಿನ ಹಾಸಿಗೆಗೆ ಬಂದು ಬೀಳುತ್ತಾನೆ. ಅಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಸದ್ದಿಲ್ಲ. ನಿದ್ದೆ ಬರಲ್ಲ! ವಾಪಸ್ ಹೋಗಿ ಆ ಗಲಾಟೆಯನ್ನು ಟೇಪಿನಲ್ಲಿ ಹಿಡಿದು ತಂದು, ಹೋಟೆಲಿನಲ್ಲಿ ಹಾಕಿಕೊಂಡು ನೆಮ್ಮದಿಯಾಗಿ ಮಲಗುತ್ತಾನೆ.

ನಗು ಬರುತ್ತೆ, ಸರಿ. ಆದರೆ ಒಂದು ಮಾತೂ ಆಡದೆ ಅವನು ಎಲ್ಲಿಂದ ಬಂದವನು, ಎಲ್ಲಿಗೆ ಸೇರದವನು ಅಂತ ಹೇಳಿ ಮುಗಿಸಿದರಲ್ಲ. ಇದೇ ದೃಶ್ಯವನ್ನು ಈಗ ತೆಗೆದರೆ ಹೀರೋ ಕನ್ನಡಿ ಮುಂದೆ ನಿಂತು 'ನಾನು ಈ ಜಗತ್ತಿಗೆ ಸೇರಿದವನಲ್ಲ' ಅಂತ ಒಂದು ಸಾಲು ಹೇಳುತ್ತಿದ್ದ. ಜೊತೆಗೆ ಪಿಯಾನೋ.

ಈಚಿನದರಲ್ಲಿ ಸದ್ದನ್ನು ಹೀಗೆ ಕಥೆಯ ಒಳಗೇ ತಂದದ್ದು 'ಸಪ್ತ ಸಾಗರದಾಚೆ ಎಲ್ಲೋ'. ಮನು ಪ್ರಿಯಾಳ ದನಿ ಇರುವ ಕ್ಯಾಸೆಟ್ಟನ್ನು ಇಟ್ಟುಕೊಂಡಿರುತ್ತಾನೆ. ಚರಣ್ ರಾಜ್ ಸಂಗೀತ ಅಲ್ಲಿ ಜಾಸ್ತಿಯೇ ಇದೆ, ನಿಜ. ಆದರೆ ಆ ಕ್ಯಾಸೆಟ್ ತಿರುಗಿದಾಗ ಸಂಗೀತ ದಾರಿ ಬಿಡುತ್ತೆ. ಭಾಗ ಒಂದು ನನಗೆ ತುಂಬಾ ಹಿಡಿಸಿತು. ಭಾಗ ಎರಡರಲ್ಲಿ ಮನುವಿನ ಹುಚ್ಚನ್ನು ಚಿತ್ರವೇ ಸ್ವಲ್ಪ ಜಾಸ್ತಿ ಮುದ್ದು ಮಾಡಿತು ಅನಿಸಿತು. ಮದುವೆಯಾಗಿ ತನ್ನ ಪಾಡಿಗೆ ಬದುಕುತ್ತಿರುವ ಹೆಣ್ಣಿನ ಹಿಂದೆ ಬೀಳೋದು ಪ್ರೀತಿನಾ?

ಕಡಲತಡಿ

ಅಲ್ಲ! ಕೊನೆಗೂ ಒಬ್ಬರು ಹೇಳಿದ್ರಿ. ಆ ಚಿತ್ರದ ಬಗ್ಗೆ ಇದನ್ನು ಹೇಳಿದಾಗೆಲ್ಲ ನನಗೆ 'ನಿಮಗೆ ಪ್ರೀತಿ ಗೊತ್ತಿಲ್ಲ' ಅನ್ನೋ ಉತ್ತರ ಸಿಕ್ಕಿದೆ.

ಮಧ್ಯಂತರ

ಕಡಲತಡಿ ಅವರೇ, ಚಿತ್ರ ಅವನನ್ನು ಸರಿ ಅಂತ ಎಲ್ಲೂ ಹೇಳಲ್ಲ. ಅವನು ಕೆಡ್ತಾ ಇದ್ದಾನೆ ಅಂತ ತೋರಿಸುತ್ತೆ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನು ಬರ್ತೀನಿ, ರಾತ್ರಿ ಪೂರ್ತಿ ಆಡೋಣ.

ಹೊಸ ಟಿಕೆಟ್

ನಮಸ್ಕಾರ. ನಾನು ಕಾಲೇಜು ವಿದ್ಯಾರ್ಥಿ. ಇಲ್ಲಿ ಹೇಳಿದ್ದರಲ್ಲಿ 'ಕೆಜಿಎಫ್', 'ಕಾಂತಾರ' ಬಿಟ್ಟರೆ ಯಾವುದೂ ನೋಡಿಲ್ಲ. ಎಲ್ಲಿಂದ ಶುರು ಮಾಡಲಿ? ತುಂಬಾ ನಿಧಾನ ಇದ್ದರೆ ನನಗೆ ನಿದ್ದೆ ಬರುತ್ತೆ, ನಿಜ ಹೇಳ್ತಿದ್ದೀನಿ.

ಗಾಂಧಿ ಕ್ಲಾಸ್

ನಿಜ ಹೇಳಿದ್ದು ಒಳ್ಳೆಯದಾಯ್ತು ತಮ್ಮ. ಹಾಗಾದರೆ 'ಪುಷ್ಪಕ ವಿಮಾನ'ದಿಂದ ಶುರು ಮಾಡಿ. ನಿದ್ದೆ ಬಂದರೆ ನನ್ನನ್ನು ಕೇಳಿ. ಆಮೇಲೆ 'ತಿಥಿ'. ಅದು ಅವಾರ್ಡ್ ಸಿನಿಮಾ ಅಂತ ಹೆದರಬೇಡಿ, ಹೊಟ್ಟೆ ಹುಣ್ಣಾಗುವಷ್ಟು ನಗ್ತೀರಿ. ಅದಾದ ಮೇಲೆ 'ಶಿವಮ್ಮ ಯರೇಹಂಚಿನಾಳ'. ಜೈಶಂಕರ್ ಆರ್ಯರ್ ಅವರದ್ದು, 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದದ್ದು. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು ಸಾಲ ಮಾಡಿ ಶಕ್ತಿವರ್ಧಕ ಪುಡಿ ಮಾರೋಕೆ ಹೊರಡುತ್ತಾಳೆ. ನಮ್ಮ ನೆಂಟರಲ್ಲಿ ಒಬ್ಬರಾದರೂ ಹೀಗೆ ಸಿಕ್ಕಿಹಾಕಿಕೊಂಡವರು ಇರುತ್ತಾರೆ. 'ಸಂಸ್ಕಾರ', 'ಚೋಮನ ದುಡಿ' ಎಲ್ಲ ಸದ್ಯಕ್ಕೆ ಬೇಡ, ಎಲ್ಲೂ ಓಡಿಹೋಗಲ್ಲ.

ಮಿಕ್ಸಿಂಗ್ ರೂಮ್

ಮೊಬೈಲ್ ಸ್ಪೀಕರಿನಲ್ಲಿ ನೋಡಬೇಡಿ, ಕೈಮುಗಿದು ಕೇಳ್ಕೊಳ್ತೀನಿ. ಸಾಧಾರಣ ಇಯರ್‌ಫೋನ್ ಆದರೂ ಸಾಕು. 'ತಿಥಿ'ಯಲ್ಲಿ ಅರ್ಧ ಊರು ಆ ಸಣ್ಣ ಸದ್ದುಗಳಲ್ಲೇ ಇದೆ.

ಕಡಲತಡಿ

'ಸು ಫ್ರಮ್ ಸೋ' ಪಟ್ಟಿಗೆ ಸೇರಿಸಿಕೊಳ್ಳಿ. ಅದಕ್ಕೆ ಮಾತ್ರ ಇಯರ್‌ಫೋನ್ ಬೇಡ. ಹಾಸ್ಟೆಲ್ ರೂಮಿಗೆ ಹುಡುಗರನ್ನೆಲ್ಲ ಸೇರಿಸಿ ಹಾಕಿ. ನಗುವಿನಲ್ಲಿ ನಾಲ್ಕು ಡೈಲಾಗ್ ಕೇಳಿಸದೆ ಹೋದರೆ ಹೋಗಲಿ, ಹಿಂದಕ್ಕೆ ಹೋಗಿ ಇನ್ನೊಂದು ಸಲ ಹಾಕಿಕೊಂಡರಾಯ್ತು.